ಮೊಂಡು ಕತ್ತಿಯ ದೀಕ್ಷೆ

ಹೊಳೆ ದಾಟುವ ದೋಣಿ ಕಡವಿನ ಹತ್ತಿರ ಒಂದು ಆಶ್ರಮ. ಆಶ್ರಮ ಅಂದರೆ ದೊಡ್ಡ ಕಟ್ಟಡವೇನಲ್ಲ. ಎರಡು ಹೆಂಚಿನ ಕೊಠಡಿ, ಒಂದು ಅಡುಗೆಮನೆ, ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲ ಪಕ್ಕ ಒಂದು ಚಪ್ಪಟೆ ಕಲ್ಲು. ಅಷ್ಟೇ.

ಅಲ್ಲಿಯ ಗುರು ಹಾಲಯ್ಯ. ಮೊದಲು ಅದೇ ಕಡವಿನಲ್ಲಿ ಕ್ಷೌರ ಮಾಡಿಕೊಂಡಿದ್ದವರು. ದೋಣಿ ಬರುವ ತನಕ ಜನ ಅವರ ಮುಂದೆ ಕೂತು ಗಡ್ಡ ಮಾಡಿಸಿಕೊಳ್ಳುತ್ತಿದ್ದರು. ಕೂತಲ್ಲೇ ಮನೆಯ ಕಷ್ಟ ಹೇಳಿಕೊಳ್ಳುತ್ತಿದ್ದರು. ಹಾಲಯ್ಯ ಒಂದೋ ಎರಡೋ ಮಾತು ಹೇಳುತ್ತಿದ್ದರು. ಕೇಳಿದವರು ಎದುರು ವಾದಿಸುತ್ತಿರಲಿಲ್ಲ. ಕತ್ತಿ ಗಂಟಲ ಮೇಲಿರುವಾಗ ಯಾರು ತಾನೇ ವಾದಿಸುತ್ತಾರೆ!

ಹೀಗೆ ಕೆಲವರು ದೋಣಿ ಬಂದರೂ ಏಳದೆ ಅಲ್ಲೇ ಉಳಿದರು. ಆಶ್ರಮ ಆದದ್ದು ಹಾಗೆ.

ಅಲ್ಲಿ ದೀಕ್ಷೆಗೆ ಮಂತ್ರವಿಲ್ಲ, ಹೋಮವಿಲ್ಲ. ಶಿಷ್ಯ ಆ ಚಪ್ಪಟೆ ಕಲ್ಲಿನ ಮೇಲೆ ಕೂರಬೇಕು. ಗುರು ತಮ್ಮ ಕೈಯಾರೆ, ತಮ್ಮದೇ ಕತ್ತಿಯಿಂದ, ಅವನ ತಲೆ ಬೋಳಿಸಬೇಕು. ಅಷ್ಟಾದರೆ ಅವನು ಆಶ್ರಮದವನು. ಆಗದಿದ್ದರೆ ಎಷ್ಟು ವರ್ಷವಿದ್ದರೂ ನೆಂಟನೇ.

ಈರಭದ್ರ ಏಳು ವರ್ಷದಿಂದ ನೆಂಟನಾಗಿಯೇ ಇದ್ದ.

ಅವನು ಹಿಂದೆ ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತನಾಗಿದ್ದವನು. ಕಬ್ಬಿನ ಗಾಡಿಯನ್ನು ಒಂದು ಸಲ ತೂಗಿದರೆ ಸಾಲದು, ಇನ್ನೊಂದು ಸಲ ತೂಗಿ ನೋಡದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಂದು ದಿನ ಗಡ್ಡ ಮಾಡಿಸಿಕೊಳ್ಳಲು ಬಂದು ಕೂತವನು ಮತ್ತೆ ಎದ್ದುಹೋಗಲಿಲ್ಲ.

ಗುರು ಅವನಿಗೆ ಒಂದೇ ಕೆಲಸ ಕೊಟ್ಟಿದ್ದರು. ದಿನಾ ಬೆಳಗ್ಗೆ ಅವರ ಕತ್ತಿಯನ್ನು ಮಸೆಗಲ್ಲಿಗೆ ಹಿಡಿದು, ತೊಗಲ ಪಟ್ಟಿಗೆ ತಿಕ್ಕಿ, ಒರೆಸಿ, ಮಡಿಸಿ ಇಡುವುದು.

ಈರಭದ್ರ ಅದನ್ನು ಒಂದು ದಿನವೂ ತಪ್ಪಿಸಲಿಲ್ಲ. ಅವನ ಕೈ ಎಷ್ಟು ಪಳಗಿತೆಂದರೆ, ಕಲ್ಲಿನ ಮೇಲಿನ ಸದ್ದು ಕೇಳಿಯೇ ಅಲಗು ಹೇಗಿದೆ ಅಂತ ಹೇಳಿಬಿಡುತ್ತಿದ್ದ. ಆದರೆ ಆ ಕತ್ತಿಯನ್ನು ಒಬ್ಬರ ಗಡ್ಡದ ಮೇಲೂ ಆಡಿಸಿದವನಲ್ಲ.

ಬೇರೆ ಕ್ಷೌರಿಕರು ಅಲಗನ್ನು ಬೆರಳಿನಿಂದ ಮುಟ್ಟಿ ನೋಡಿಯೇ ಕೆಲಸ ಶುರುಮಾಡುತ್ತಾರೆ. ಹಾಲಯ್ಯ ಹಾಗೆ ನೋಡುತ್ತಿರಲಿಲ್ಲ. ಈರಭದ್ರ ಇಟ್ಟ ಕತ್ತಿಯನ್ನು ಬಿಚ್ಚಿ ಸೀದಾ ಗಿರಾಕಿಯ ಕೆನ್ನೆಗೆ ಇಡುತ್ತಿದ್ದರು.

"ಒಂದು ಸಲ ಮುಟ್ಟಿ ನೋಡಬಾರದಾ ಬುದ್ಧಿ?" ಅಂತ ಈರಭದ್ರನೇ ಒಮ್ಮೆ ಕೇಳಿದ್ದ.

"ಯಾಕೆ? ನೀನು ಮಸೆದಿಲ್ವಾ?"

"ಮಸೆದಿದೀನಿ."

"ಮತ್ತೆ?" ಅಂದು ಗುರು ಮುಂದಿನ ಗಿರಾಕಿಯನ್ನು ಕರೆದಿದ್ದರು.

ಆ ವರ್ಷ ಬೇಸಿಗೆ ಕಾಲಿಡುವಾಗ ಗುರು ಅವನನ್ನು ಕರೆದರು. "ಬರೋ ಸೋಮವಾರ ಬಂದು ಕಲ್ಲಿನ ಮೇಲೆ ಕೂತ್ಕೊ," ಅಂದರು.

ಈರಭದ್ರ ಸಂತೋಷಕ್ಕೆ ಅವತ್ತು ಕತ್ತಿಯನ್ನು ಎರಡೆರಡು ಸಲ ಮಸೆದ. ಆ ಸಂತೋಷ ಮಧ್ಯಾಹ್ನದ ಊಟದವರೆಗೂ ಇತ್ತು.

ಈಚೆಗೆ ಒಬ್ಬರೇ ಉಣ್ಣುತ್ತಿದ್ದ ಗುರು ಅಂದು ಎಲ್ಲರ ಜೊತೆ ಊಟಕ್ಕೆ ಕೂತು ಮಜ್ಜಿಗೆಯ ಲೋಟ ಎತ್ತಿದರು. ಲೋಟ ಗಡಗಡ ನಡುಗಿತು. ಮಜ್ಜಿಗೆ ತುಳುಕಿ ಮೊಣಕೈವರೆಗೂ ಇಳಿಯಿತು. ಗುರು ಇನ್ನೊಂದು ಕೈ ಸೇರಿಸಿ ಕುಡಿದರು, ಏನೂ ಆಗದವರ ಹಾಗೆ ಕೈ ತೊಳೆಯಲು ಎದ್ದರು.

ಈರಭದ್ರ ನೇರ ಅಡುಗೆಮನೆಗೆ ಹೋದ. ಆಶ್ರಮದ ಅಡುಗೆ ನೋಡಿಕೊಳ್ಳುವ ಸಾಕಮ್ಮ ಒಲೆ ಊದುತ್ತಿದ್ದಳು.

"ಅಕ್ಕಾ, ಗುರುಗಳ ಕೈ ನಡುಗುತ್ತೆ."

"ಆರು ತಿಂಗಳಾಯ್ತು ಕಣಪ್ಪ. ಬಂದೋರನ್ನ ಬರೀ ಮಾತಾಡಿಸಿ ಕಳಿಸ್ತಾ ಇದಾರಲ್ಲ, ಗಡ್ಡಕ್ಕೆ ಕೈ ಹಾಕ್ತಾ ಇಲ್ಲ, ಯಾಕೆ ಅಂದ್ಕೊಂಡಿದ್ದೆ?"

"ದಣಿವು ಅಂದ್ಕೊಂಡಿದ್ದೆ. ಸೋಮವಾರ ನನ್ನ ತಲೆ ಬೋಳಿಸ್ತಾರಂತೆ."

ಸಾಕಮ್ಮ ಊದುಗೊಳವೆ ಕೆಳಗಿಟ್ಟು ಅವನ ಮುಖ ನೋಡಿದಳು. ನಗು ತಡೆಯಲಾಗಲಿಲ್ಲ ಅವಳಿಗೆ. "ಒಂದಿಷ್ಟು ರಕ್ತ ಹೋದ್ರೆ ಹೋಗ್ಲಿ ಬಿಡಪ್ಪ. ಅದರ ಜೊತೆ ನಿನ್ನ ಅನುಮಾನಾನೂ ಒಂದಿಷ್ಟು ಹರಿದುಹೋಗ್ಲಿ!"

ಈರಭದ್ರನಿಗೆ ನಗು ಬರಲಿಲ್ಲ. ಮಾರನೆಯ ದಿನವೇ ಪೇಟೆಗೆ ಹೋಗಿ ಬ್ಲೇಡು ಹಾಕುವ ರೇಜರು ಒಂದನ್ನು ತಂದ. ಹೊಳೆಯುವ ಹಿಡಿ, ಚರ್ಮಕ್ಕೆ ತಾಗದಂತೆ ಬ್ಲೇಡಿಗೆ ಕಾವಲಾಗಿ ಹಲ್ಲುಹಲ್ಲಿನ ಪಟ್ಟಿ.

"ಬುದ್ಧಿ, ಇದರಲ್ಲಿ ಕೊಯ್ಯೋ ಭಯಾನೇ ಇಲ್ಲವಂತೆ. ಸೋಮವಾರಕ್ಕೆ ಇದೇ ಆದರೆ..."

ಗುರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಸೋಪು ಹಚ್ಚಿಕೊಂಡು ತಮ್ಮ ಗಡ್ಡವನ್ನೇ ಕೆರೆದುಕೊಂಡರು. ಕೆನ್ನೆ ಸವರಿಕೊಂಡರು.

"ಭಲೇ! ಚೆನ್ನಾಗಿದೆ ಕಣಯ್ಯ. ಇದು ನನಗಿರಲಿ."

"ಮತ್ತೆ ನನ್ನ ತಲೆಗೆ?"

"ನಿನ್ನ ತಲೆಗೆ ಕತ್ತಿ."

ಅಲ್ಲಿಗೆ ಆ ದಾರಿ ಮುಚ್ಚಿತು.

ಈರಭದ್ರ ತನ್ನೊಳಗೇ ಲೆಕ್ಕ ಹಾಕಿದ. ದೀಕ್ಷೆ ನೋಡಲು ಸುತ್ತಲ ಊರಿನವರೆಲ್ಲ ಬರುತ್ತಾರೆ. ಒಂದು ಹನಿ ರಕ್ತ ಬಿದ್ದರೆ ಸಾಕು, ಹಾಲಯ್ಯನ ಕಾಲ ಮುಗಿಯಿತು ಅಂತ ಆಡಿಕೊಳ್ಳುತ್ತಾರೆ. ಗುರುಗಳ ಮರ್ಯಾದೆ ಉಳಿಸಬೇಕಾದವನು ನಾನೇ.

ಹೀಗೆ ಅಂದುಕೊಳ್ಳುವಾಗಲೆಲ್ಲ ಅವನ ಕೈ ತಾನಾಗಿ ಹೋಗಿ ಅವನ ನೆತ್ತಿಯನ್ನು ಸವರುತ್ತಿತ್ತು.

ಭಾನುವಾರ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾಗಿದ್ದರು. ಈರಭದ್ರ ಕತ್ತಿ ಬಿಚ್ಚಿದ. ಸೋಪಿನ ಕಂಚಿನ ಬಟ್ಟಲು ತೆಗೆದುಕೊಂಡ. ಅದರ ಅಂಚಿನ ಮೇಲೆ ಅಲಗನ್ನು ಒಂದು ಸಲ ಎಳೆದ. ಸದ್ದು ಕೇಳಿ ಅವನ ಹಲ್ಲೇ ಜುಮ್ಮೆಂದಿತು. ಇನ್ನೂ ಎರಡು ಸಲ ಎಳೆದ. ಏಳು ವರ್ಷದ ಕೆಲಸ ಮೂರು ಎಳೆತಕ್ಕೆ ಹೋಯಿತು.

ಆಮೇಲೆ ಪಕ್ಕಗಳನ್ನು ತಿಕ್ಕಿ ಹೊಳಪು ಮಾಡಿದ. ನೋಡಿದರೆ ಯಾರಿಗೂ ತಿಳಿಯುವಂತಿರಲಿಲ್ಲ. ಮುಟ್ಟಿದರೆ ತಿಳಿಯುತ್ತಿತ್ತು. ಗುರು ಮುಟ್ಟುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ಸೋಮವಾರ ಬೆಳಗ್ಗೆ ಮೆಟ್ಟಿಲ ತುಂಬ ಜನ. ದೋಣಿ ನಡೆಸುವ ಮುದುಕ ಬಸಪ್ಪನೂ ದೋಣಿ ಕಟ್ಟಿ ಬಂದು ಕೂತಿದ್ದ. ಈರಭದ್ರ ಕಲ್ಲಿನ ಮೇಲೆ ಕೂತ. ಸಾಕಮ್ಮ ಬಿಸಿನೀರು ತಂದಿಟ್ಟಳು.

ಗುರು ಅವನ ತಲೆಗೆ ನೀರು ಹಾಕಿ ಬಹಳ ಹೊತ್ತು ತಟ್ಟಿ ನೆನೆಸಿದರು. ಬ್ರಶ್ಶಿನಿಂದ ಸೋಪು ಕಲಸಿ ನೊರೆ ಹಚ್ಚಿದರು. ಕೈ ನಡುಗಿ ಒಂದಿಷ್ಟು ನೊರೆ ಕಿವಿಗೆ, ಒಂದಿಷ್ಟು ಮೂಗಿಗೆ. ಜನ ಅದನ್ನೂ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗುರು ಕತ್ತಿ ಬಿಚ್ಚಿದರು. ಎಂದಿನ ಹಾಗೆ ಮುಟ್ಟಿ ನೋಡಲಿಲ್ಲ. ನೆತ್ತಿಯ ಮೇಲಿಟ್ಟು ಎಳೆದರು.

ಕತ್ತಿ ಹೋಗಲಿಲ್ಲ. ಕೂದಲು ಬೇರುಸಹಿತ ಕಿತ್ತುಬಂದಂತಾಗಿ ಈರಭದ್ರನ ಕಣ್ಣಲ್ಲಿ ನೀರು ಬಂತು. ಗುರು ತುಸು ಒತ್ತಿದರು. ಅಲಗು ಜಾರಿತು. ನೊರೆಯ ಮೇಲೆ ಕೆಂಪು ಗೆರೆ ಇಳಿದು ಭುಜದ ಮೇಲೆ ತೊಟ್ಟಿಕ್ಕಿತು.

"ಅಯ್ಯಯ್ಯೋ!" ಅಂದಳು ಸಾಕಮ್ಮ.

"ವಯಸ್ಸಾಯ್ತು ಪಾಪ," ಅಂದ ಬಸಪ್ಪ. ಅವನು ಮೆಲ್ಲಗೆ ಅಂದರೂ ಎಲ್ಲರಿಗೂ ಕೇಳಿಸಿತು. "ಇನ್ನಾದ್ರೂ ಸಾಕು ಮಾಡಬೇಕು."

ಗುರು ಅಲಗಿನ ಮೇಲೆ ಹೆಬ್ಬೆರಳಿಟ್ಟರು. ಏಳು ವರ್ಷದಲ್ಲಿ ಮೊದಲ ಸಲ. ಪಟಿಕದ ತುಂಡನ್ನು ಒದ್ದೆ ಮಾಡಿ ಗಾಯಕ್ಕೆ ಒತ್ತಿದರು. ಆಮೇಲೆ ಜನರ ಕಡೆ ತಿರುಗಿದರು.

"ಹೌದಪ್ಪ. ವಯಸ್ಸಾಯ್ತು. ಕೈ ನಡುಗುತ್ತೆ. ಇವತ್ತಿಗೆ ಸಾಕು," ಅಂದು ಕತ್ತಿ ಮಡಿಸಲು ಹೋದರು.

ಈರಭದ್ರನಿಗೆ ಪಟಿಕದ ಉರಿ ತಿಳಿಯಲೇ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಯಾರೂ ಅವನನ್ನು ಕೇಳಿರಲಿಲ್ಲ. ಗುರು ತಪ್ಪನ್ನು ತಮ್ಮ ಮೇಲೇ ಹಾಕಿಕೊಂಡಿದ್ದರು. ಆದರೆ ಆ ಕತ್ತಿ ಒಮ್ಮೆ ಮಡಿಸಿದರೆ ಇನ್ನು ಆ ಕೈ ಅದನ್ನು ಬಿಚ್ಚುವುದಿಲ್ಲ ಅನ್ನುವುದು ಅವನಿಗೆ ಕಂಡಿತು.

"ಮಡಿಸಬೇಡಿ ಬುದ್ಧಿ!"

ಅವನು ಎದ್ದುನಿಂತುಬಿಟ್ಟಿದ್ದ. ತಲೆತುಂಬ ನೊರೆ, ಕಿವಿಯ ಪಕ್ಕ ರಕ್ತ.

"ಕತ್ತಿ ಮೊಂಡು ಮಾಡಿದ್ದು ನಾನು. ನಿನ್ನೆ ಮಧ್ಯಾಹ್ನ. ಬೇಕು ಅಂತಲೇ ಮಾಡಿದೆ."

ಮೆಟ್ಟಿಲ ಮೇಲೆ ಗುಜುಗುಜು ಎದ್ದಿತು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಅಂತ ಸಾಕಮ್ಮ ಹಣೆ ಚಚ್ಚಿಕೊಂಡಳು.

ಗುರು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ಯಾಕೆ ಮಾಡಿದೆ?" ಅಂದರು.

"ಮೊಂಡಾದ್ರೆ ಕೊಯ್ಯಲ್ಲ ಅಂದ್ಕೊಂಡೆ."

ಗುರು ನಕ್ಕರು. ಅವರಿಗೆ ನಿಜವಾಗಿಯೂ ನಗು ಬಂದಿತ್ತು. "ಏಳು ವರ್ಷ ಮಸೆದೆ, ಒಂದು ದಿನಾನೂ ಬೋಳಿಸಲಿಲ್ಲ. ಅದು ನನ್ನ ತಪ್ಪು. ಕೇಳು. ಹರಿತ ಇದ್ರೆ ಕತ್ತಿ ತನ್ನ ಭಾರಕ್ಕೇ ಹೋಗುತ್ತೆ, ಕೈ ಸುಮ್ಮನೆ ಜೊತೆಗಿದ್ರೆ ಸಾಕು. ಮೊಂಡಾದ್ರೆ ಒತ್ತಬೇಕು. ನಡುಗೋ ಕೈ ಒತ್ತಿದ್ರೆ ಏನಾಗುತ್ತೆ ಅನ್ನೋದು ನಿನ್ನ ತಲೆ ಮೇಲೇ ಇದೆ."

ಈರಭದ್ರ ಗಾಯ ಮುಟ್ಟಿಕೊಂಡ.

"ಯಾರಿಗೋಸ್ಕರ ಹೆದರಿದೆ?"

"ನಿಮ್ಮ ಮರ್ಯಾದೆ..." ಅಂತ ಶುರುಮಾಡಿದ. ಗುರು ಅವನನ್ನೇ ನೋಡುತ್ತಿದ್ದರು. "ಇಲ್ಲ ಬುದ್ಧಿ. ನನ್ನ ತಲೆಗೋಸ್ಕರ."

"ಸರಿ," ಅಂದರು ಗುರು. "ಮಸೆ."

ಈರಭದ್ರ ಮಸೆಗಲ್ಲು ತಂದು ಎಲ್ಲರ ಮುಂದೆ ಕುಕ್ಕರಗಾಲಲ್ಲಿ ಕೂತ. ಬಾಗಿದ್ದ ಅಂಚು ಅಷ್ಟು ಸುಲಭಕ್ಕೆ ದಾರಿಗೆ ಬರಲಿಲ್ಲ. ತಲೆಯ ಮೇಲಿನ ನೊರೆ ಒಣಗಿ ಉದುರಿತು. ಬಿಸಿಲು ಏರಿತು. ಆಚೆ ದಡದವರು ಕೂಗಿ ಕೂಗಿ ಸಾಕಾದರು, ಬಸಪ್ಪ ದೋಣಿ ಬಿಚ್ಚಲಿಲ್ಲ. ಸಾಕಮ್ಮ ಎರಡನೇ ಸಲ ನೀರು ಕಾಯಿಸಲು ಒಳಗೆ ಹೋದಳು, ಬೈದುಕೊಂಡೇ ಹೋದಳು.

ಕಡೆಗೆ ಕಲ್ಲಿನ ಮೇಲೆ ಸದ್ದು ತೆಳ್ಳಗಾಯಿತು. ತೊಗಲ ಪಟ್ಟಿಗೆ ತಿಕ್ಕಿ, ಎರಡೂ ಕೈಯಲ್ಲಿ ಹಿಡಿದು ಗುರುವಿನ ಮುಂದೆ ಚಾಚಿದ.

"ಈಗಲಾದ್ರೂ ಮುಟ್ಟಿ ನೋಡಿ ಬುದ್ಧಿ. ನನ್ನನ್ನ ನಂಬಬೇಡಿ."

ಗುರು ಕತ್ತಿ ತೆಗೆದುಕೊಂಡರು. ಅವನನ್ನು ಕೂರಿಸಿ, ಮತ್ತೆ ನೀರು ಹಾಕಿ, ಮತ್ತೆ ನೊರೆ ಹಚ್ಚಿ, ಅಲಗನ್ನು ಸೀದಾ ಅವನ ನೆತ್ತಿಯ ಮೇಲಿಟ್ಟರು. ಬೆರಳು ಅಲಗಿನ ಹತ್ತಿರಕ್ಕೂ ಹೋಗಲಿಲ್ಲ.

ಈರಭದ್ರನಿಗೆ ಅಳು ಬಂತು. ಅತ್ತರೆ ತಲೆ ಅಲುಗೀತೆಂದು ತುಟಿ ಕಚ್ಚಿ ಹಿಡಿದ.

ಗುರುವಿನ ಕೈ ನಡುಗುತ್ತಲೇ ಇತ್ತು. ಪ್ರತಿ ಎಳೆತದಲ್ಲೂ ಆ ನಡುಕ ಅವನ ಚರ್ಮಕ್ಕೆ ತಿಳಿಯುತ್ತಿತ್ತು. ಆದರೆ ಗುರು ಒತ್ತಲಿಲ್ಲ. ಕತ್ತಿ ಸರಸರ ಹೋಯಿತು. ಗಾಯದ ಸುತ್ತ ಬಳಸಿಕೊಂಡು ಹೋಯಿತು. ಕೂದಲು ನೊರೆಯ ಜೊತೆ ಮಡಿಲಿಗೆ ಬಿದ್ದಿತು. ಇನ್ನೊಂದು ಹನಿ ರಕ್ತ ಬರಲಿಲ್ಲ.

ಮುಗಿದ ಮೇಲೆ ಈರಭದ್ರ ಗುರುವಿನ ಕಾಲಿಗೆ ಅಡ್ಡಬಿದ್ದ.

"ದೀಕ್ಷೆ ಆಯ್ತಾ ಬುದ್ಧಿ?"

"ಅರ್ಧ ಆಯ್ತು. ಏಳು."

ಅವನು ಎದ್ದು ಪಕ್ಕಕ್ಕೆ ಸರಿದ. ಗುರು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಬಿಳಿ ಕೂದಲನ್ನು ತಾವೇ ನೀರಲ್ಲಿ ನೆನೆಸಿಕೊಂಡು, ಅವನು ಕೂತಿದ್ದ ಕಲ್ಲಿನ ಮೇಲೆ ಕೂತರು. ಯಾವ ದೀಕ್ಷೆಯಲ್ಲೂ ಹೀಗೆ ನಡೆದದ್ದಿಲ್ಲ. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದುನಿಂತರು.

"ಕತ್ತಿ ತಗೋ."

"ನಾನಾ? ನನಗೆ ಬರಲ್ಲ ಬುದ್ಧಿ. ಒಬ್ಬರ ತಲೆಯನ್ನೂ ಮುಟ್ಟಿದವನಲ್ಲ."

ಗುರು ಆಗಲೇ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಈರಭದ್ರ ಸಾಕಮ್ಮನ ಕಡೆ ನೋಡಿದ. ಅವಳು ನೀರಿನ ಚೆಂಬನ್ನು ಅವನ ಕಡೆ ತಳ್ಳಿದಳು.

ಅವನು ನೊರೆ ಹಚ್ಚಿದ. ಕತ್ತಿ ಬಿಚ್ಚಿದ. ಅಲಗು ಎಷ್ಟು ಹರಿತವಾಗಿದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಗುರುವಿನ ನೆತ್ತಿಯವರೆಗೆ ಹೋದ ಕೈ ಅಲ್ಲೇ ಗಾಳಿಯಲ್ಲಿ ನಿಂತುಬಿಟ್ಟಿತು.

"ಬುದ್ಧಿ," ಅಂದ. "ಬುದ್ಧಿ, ನನ್ನ ಕೈ ನಡುಗ್ತಾ ಇದೆ."

ಗುರು ಕಣ್ಣು ಮುಚ್ಚಿ ತಲೆ ಬಗ್ಗಿಸಿದರು.

"ನಡುಗ್ಲಿ. ನಾನು ಕೂತಿದೀನಲ್ಲ."