ಉಂಡಮ್ಮನ ಬಂಡೆ

ಅವರೆಕುಂಟೆಯ ಕೆರೆ ಏರಿ ಮುಗಿಯುವಲ್ಲಿ, ಬಸ್ಸು ತಿರುಗಿಸುವ ಜಾಗದ ಎಡಕ್ಕೆ, ಸೊಂಟದೆತ್ತರದ ಒಂದು ಕರಿಬಂಡೆಯಿದೆ. ಮೇಲ್ಭಾಗ ಚಪ್ಪಟೆ, ಇಪ್ಪತ್ತು ಮಂದಿ ಪಂಕ್ತಿ ಕೂತು ಉಣ್ಣಬಹುದು. ಈಗ ಅದರ ಸುತ್ತ ನಾಲ್ಕು ಮೆಸ್ಸುಗಳು ಎದ್ದಿವೆ. ನಾಲ್ಕರ ಬೋರ್ಡಿನ ಮೇಲೂ 'ಉಂಡಮ್ಮನ ಅಸಲಿ ಬಸ್ಸಾರು' ಎಂದೇ ಬರೆದಿದೆ. ಯಾವುದು ಅಸಲಿ, ಯಾವುದು ನಕಲಿ ಎಂದು ಆ ತಾಯಿಗೇ ಗೊತ್ತು. ಭಾನುವಾರ ಬಂದರೆ ಕಾರು ನಿಲ್ಲಿಸಲು ಜಾಗವಿರುವುದಿಲ್ಲ. ಬಂದವರು ಮುದ್ದೆ ನುಂಗಿ, ಬೆರಳು ನೆಕ್ಕಿ, ಬಂಡೆ ಹತ್ತಿ ಫೋಟೋ ತೆಗೆಸಿಕೊಂಡು, ಎಲೆಯಡಿಕೆ ಹಾಕಿಕೊಂಡ ಮೇಲೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಈ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ತಪ್ಪಿಗೆ ಮಧ್ಯಾಹ್ನದ ನಿದ್ದೆ ನನ್ನ ಪಾಲಿಗೆ ಇಲ್ಲವಾಗಿದೆ. "ಮೇಷ್ಟ್ರೇ, ಇಲ್ಲಿ ಒಬ್ಬ ರಾಕ್ಷಸಿ ಊರನ್ನೇ ಉಂಡಳಂತೆ, ಹೌದೇ?" ಎಂದು ಒಬ್ಬ. "ಒಂದೇ ಪಟ್ಟಿಗೆ ಹನ್ನೆರಡು ಮುದ್ದೆ ಉಂಡ ಗಟ್ಟಿಗಿತ್ತಿಯಂತೆ" ಎಂದು ಇನ್ನೊಬ್ಬ. ಎರಡನೆಯದನ್ನು ಹಬ್ಬಿಸಿದ್ದು ಮೂರನೇ ಮೆಸ್ಸಿನವನು. ಹನ್ನೆರಡು ಮುದ್ದೆ ಉಂಡವರಿಗೆ ಊಟ ಬಿಟ್ಟಿ ಎಂದು ಪಂದ್ಯ ಬೇರೆ ಇಟ್ಟಿದ್ದಾನೆ. ಅಯ್ಯೋ ಶಿವನೇ! ಇದೆಲ್ಲ ಬೊಗಳೆ. ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಇನ್ನಾದರೂ ಓದಿಕೊಂಡು ನನ್ನನ್ನು ಮಲಗಲು ಬಿಡಿ.

ಹಿಂದೆ ಒಮ್ಮೆ, ಪಾಳೆಯಗಾರರು ಆಳುತ್ತಿದ್ದ ಕಾಲವೆನ್ನುತ್ತಾರೆ, ಈ ಏರಿಯ ಮೇಲೆ ಉಪ್ಪು ಹೊತ್ತ ಎತ್ತುಗಳು ಸಾಲುಗಟ್ಟಿ ಹೋಗುತ್ತಿದ್ದವು. ಊರಿನಲ್ಲಿ ದೊಡ್ಡಮನೆಯೆಂದರೆ ಕಾಡೇಗೌಡನದು. ಆ ಮನೆಗೆ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಮನೆಯ ಯಜಮಾನ ಕೂತು ಮೊದಲ ಮುದ್ದೆ ಮುರಿಯುವವರೆಗೂ ಒಲೆ ಹಚ್ಚಿದ ಹೆಂಗಸು ಬಾಯಿಗೆ ಏನನ್ನೂ ಹಾಕುವಂತಿಲ್ಲ. ಎರಡನೆಯದು, ಮಾಡಿದ ಸಾರು ಆ ಮನೆಯಲ್ಲಿ ರಾತ್ರಿ ಕಳೆಯುವಂತಿಲ್ಲ. ತಂಗಳು ಉಂಡ ಮನೆಗೆ ದರಿದ್ರ ವಕ್ಕರಿಸುತ್ತದೆಂದು ಅವನ ಮುತ್ತಾತ ಹೇಳಿದ್ದನಂತೆ. ಹಾಗಾಗಿ ದೀಪ ಹಚ್ಚುವ ಹೊತ್ತಿಗೆ ಮಡಕೆ ಬರಿದಾಗಲೇಬೇಕು. ಬಡವರು ತಂಗಳುಂಡು ಬದುಕುವ ಊರಿನಲ್ಲಿ, ತಂಗಳ ಮುಖ ನೋಡದ ಮನೆಯೆಂಬುದು ಕಾಡೇಗೌಡನ ದೊಡ್ಡ ಹೆಮ್ಮೆ. ಹೋದಲ್ಲಿ ಬಂದಲ್ಲಿ ಅದನ್ನೇ ಹೇಳಿಕೊಳ್ಳುತ್ತಿದ್ದನು.

ಈಗ ನೀವೇ ಹೇಳಿ. ನಮ್ಮ ಕಡೆಯ ಯಾವ ಮನೆಯಲ್ಲಿ ಬೇಕಾದರೂ ಕೇಳಿ, ಬಸ್ಸಾರಿಗೆ ರುಚಿ ಬರುವುದು ಯಾವಾಗ? ಮಾಡಿದ ದಿನ ಅದು ಬರೀ ಸಾರು. ಹುರುಳಿಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟಿನ ನೀರಿಗೆ ತೆಂಗಿನಕಾಯಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ ಅರೆದು ಹಾಕಿದರೆ ಅವು ಮೊದಲ ದಿನ ಒಂದಕ್ಕೊಂದು ಮಾತಾಡುವುದಿಲ್ಲ. ರಾತ್ರಿಯೆಲ್ಲ ಕೆಂಡದ ಮೇಲೆ ಕೂತು, ಬತ್ತಿ, ಬೆಳಗ್ಗೆ ಇನ್ನೊಮ್ಮೆ ಕುದಿ ಬಂದಾಗಲೇ ಅದರ ಘಮ. ಹಾಲುಗಲ್ಲದ ಮಗುವಿಗೂ ಗೊತ್ತಿರುವ ಈ ಮಾತು ಕಾಡೇಗೌಡನ ಮನೆಗೆ ಮಾತ್ರ ಗೊತ್ತಿರಲಿಲ್ಲ. ಹೇಗೆ ಗೊತ್ತಾಗಬೇಕು? ಮುತ್ತಾತನ ಕಾಲದಿಂದ ಒಬ್ಬರೂ ಮಾರನೇ ದಿನದ ಸಾರನ್ನು ನಾಲಿಗೆಗೆ ಮುಟ್ಟಿಸಿರಲಿಲ್ಲ. ಅವನ ಹೆಂಡತಿ ದ್ಯಾವೀರಮ್ಮ ಕೈಗುಣವಿದ್ದ ಹೆಂಗಸು, ಎದುರಾಡದವಳು. ಆ ಪುಣ್ಯಾತ್ಮ ಮಾತ್ರ ದಿನಾ ತಟ್ಟೆಯ ಮುಂದೆ ಮುಖ ಸಿಂಡರಿಸಿ, "ಏನಮ್ಮೀ ಇದು, ಸಾರೋ, ಕಲಗಚ್ಚೋ?" ಎನ್ನುತ್ತಿದ್ದನು. ಅವಳು ಉಪ್ಪು ಹೆಚ್ಚಿಸಿ ನೋಡಿದಳು, ಹುಳಿ ತಗ್ಗಿಸಿ ನೋಡಿದಳು, ತವರಿಗೆ ಹೇಳಿಕಳಿಸಿ ಬೇರೆ ಮೆಣಸಿನಕಾಯಿ ತರಿಸಿದಳು. ಯಾವುದೂ ನಾಟಲಿಲ್ಲ.

ಕೆರೆ ಏರಿಯ ಈ ಬಂಡೆಯ ಪಕ್ಕದಲ್ಲೇ ಮಂಚಜ್ಜಿ ಎಂಬ ಒಂಟಿ ಮುದುಕಿಯ ಗುಡಿಸಲಿತ್ತು. ಉಪ್ಪಿನ ಎತ್ತು ಹೊಡೆಯುವವರಿಗೆ ಮಧ್ಯಾಹ್ನ ಮುದ್ದೆ ತೊಳಸಿ ಹಾಕುವಳು. ಅವರು ಉಪ್ಪೋ ರಾಗಿಯೋ ಕೊಟ್ಟು ಹೋಗುವರು. ಅವಳ ಮುದ್ದೆಯೇನೋ ನಯವಾಗಿತ್ತು, ಸಾರು ಮಾತ್ರ ಅವಳ ಕೈಗೆ ಹತ್ತಿರಲಿಲ್ಲ. ಅವಳು ಪ್ರತಿ ಸಂಜೆ ದೊಡ್ಡಮನೆಯ ಹಿತ್ತಲಿಗೆ ಬಂದು, "ಮಿಕ್ಕಿದ್ದೇನಾರ ಇದ್ರೆ ಹುಯ್ಯವ್ವ, ಎಮ್ಮೆ ಕಲಗಚ್ಚಿಗಾಯ್ತದೆ" ಎಂದು ಮಡಕೆ ಒಡ್ಡುತ್ತಿದ್ದಳು. ದ್ಯಾವೀರಮ್ಮ ಮಿಕ್ಕ ಸಾರನ್ನೆಲ್ಲ ಬಗ್ಗಿಸುತ್ತಿದ್ದಳು. ಇಷ್ಟು ಚೆನ್ನಾದ ಸಾರು ಎಮ್ಮೆಯ ಪಾಲಾಗುತ್ತದಲ್ಲ ಎಂದು ಅವಳಿಗೆ ಸಂಕಟವಾಗುತ್ತಿತ್ತು, ಆದರೆ ಕಟ್ಟಳೆ ಕಟ್ಟಳೆಯೇ. ಮುದುಕಿ ಅದನ್ನು ಎಮ್ಮೆಗೆ ತೋರಿಸುತ್ತಲೂ ಇರಲಿಲ್ಲ. ನೇರ ಗುಡಿಸಲಿಗೆ ಒಯ್ದು ಕೆಂಡದ ಮೇಲೆ ಇಡುವಳು, ಮಾರನೆಯ ದಿನ ಎತ್ತಿನವರಿಗೆ ಬಡಿಸುವಳು. ಸುತ್ತಲ ನಾಲ್ಕು ಗಡಿಯಲ್ಲಿ ಮಂಚಜ್ಜಿಯ ಸಾರಿಗೆ ಸಮವಿಲ್ಲವೆಂದು ಹೆಸರಾಯಿತು.

ಒಂದು ದಿನ ಕಾಡೇಗೌಡ ಕೆರೆಯ ಕೆಳಗಿನ ಗದ್ದೆಯಿಂದ ಬರುತ್ತಾ ಆ ಘಮಕ್ಕೆ ನಿಂತನು. ಒಂದು ಮುದ್ದೆ ಉಂಡನು, ಎರಡು ಉಂಡನು, ಮೂರನೆಯದಕ್ಕೂ ಕೈಯೊಡ್ಡಿದನು. "ಇದಪ್ಪಾ ಸಾರು ಅಂದ್ರೆ!" ಎಂದು ತೊಡೆ ತಟ್ಟಿದನಂತೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಶಾಲೆಯಲ್ಲಿ ವಿವರಿಸುವಾಗಲೆಲ್ಲ ನನಗೆ ಇವನದೇ ನೆನಪು ಬಂದು ಮೈ ಉರಿಯುತ್ತಿತ್ತು. ತನ್ನ ಹೆಂಡತಿ ಬೇಯಿಸಿದ ಸಾರನ್ನು, ತನ್ನ ಒಲೆಯ ಸಾರನ್ನು, ಅದೂ ತಂಗಳನ್ನು, ದಿನಾ ಏರಿಗೆ ನಡೆದು ಹೋಗಿ ಉಂಡು ಬರುತ್ತಿದ್ದಾನೆ! ಅವನು ಅಲ್ಲಿ ಹೆಚ್ಚು ಉಂಡಷ್ಟೂ ಮನೆಯಲ್ಲಿ ಸಾರು ಹೆಚ್ಚು ಮಿಗುತ್ತಿತ್ತು. ಹೆಚ್ಚು ಮಿಕ್ಕಷ್ಟೂ ಮಂಚಜ್ಜಿಯ ಮಡಕೆ ತುಂಬುತ್ತಿತ್ತು. ಇವನು ಪೇಟೆಯಿಂದ ಬಂದ ನೆಂಟರನ್ನೂ ಅಲ್ಲಿಗೇ ಕರೆದೊಯ್ಯತೊಡಗಿದನು. ಊರಿನ ಹಿರಿಯರೂ ಒಬ್ಬೊಬ್ಬರಾಗಿ ಹಿಂಬಾಲಿಸಿದರು.

ನಗಬೇಡಿ. ಇಲ್ಲಿ ನಗುವವರನ್ನು ಕಂಡರೆ ನನಗಾಗದು. ಮನೆಯಲ್ಲಿ ದ್ಯಾವೀರಮ್ಮ ಮುದ್ದೆ ಕಟ್ಟಿ, ತಟ್ಟೆ ಹಾಕಿ, ಬಾಗಿಲು ನೋಡುತ್ತ ಕೂತಿರುತ್ತಿದ್ದಳು. ಹೊತ್ತು ನೆತ್ತಿಗೆ ಬಂದು ಇಳಿದರೂ ಗೌಡನಿಲ್ಲ. ಅವನು ಮುದ್ದೆ ಮುರಿಯದೆ ಅವಳು ಉಣ್ಣುವಂತಿಲ್ಲವಲ್ಲ. ಮೂರು ವರ್ಷದ ಮಗಳಿಗೆ ಉಣಿಸಿ, ಮುದ್ದೆಗೆ ಒದ್ದೆ ಬಟ್ಟೆ ಮುಚ್ಚಿ, ನೀರು ಕುಡಿದು ಕೂರುವಳು. ಅವನು ಇಳಿಹೊತ್ತಿಗೆ ಡರ್ರೆಂದು ತೇಗುತ್ತ ಬಂದು, "ನನಗೆ ಹಸಿವಿಲ್ಲ" ಎಂದು ಗೋಡೆಗೆ ಒರಗುವನು. ಮನಸ್ಸು ಬಂದ ದಿನ ಒಂದು ಚೂರು ಮುರಿದು ತಟ್ಟೆಗೆ ಬಿಸಾಕುವನು, ಬಾರದ ದಿನ ಅದೂ ಇಲ್ಲ. ಒಂದು ವರ್ಷದಲ್ಲಿ ಅವಳ ಬಳೆಗಳು ಮೊಣಕೈವರೆಗೆ ಸರಿಯುವಂತಾದವು. ಒಮ್ಮೆ ನೀರು ಹೊತ್ತು ಬರುವಾಗ ಬಿದ್ದು ಬಿಂದಿಗೆ ಒಡೆದಳು. ಅದೇ ನೆಪವಾಯಿತು. ಕಾಡೇಗೌಡ ಊರಿನ ಹಿರಿಯರನ್ನು ಕರೆಸಿ, ಒಂದು ಸಾರು ಮಾಡಲು ಬಾರದ, ಒಂದು ಬಿಂದಿಗೆ ಹೊರಲಾರದ ಹೆಂಗಸು ತನಗೆ ಬೇಡ, ತವರಿಗೆ ಬಿಟ್ಟುಬರುತ್ತೇನೆ, ಮಗಳು ಮಾತ್ರ ತನ್ನ ಮನೆಯಲ್ಲೇ ಇರಬೇಕು ಎಂದನು.

ನ್ಯಾಯಕ್ಕೆ ಸೇರಿದ್ದು ಈ ಬಂಡೆಯ ಮೇಲೆಯೇ. ಸಾರಿನ ವಿಚಾರಕ್ಕೆ ಹೆಂಗಸನ್ನು ಹೊರಹಾಕುವುದೇ ಎಂದು ಕೇಳುವ ಒಬ್ಬ ಗಂಡಸಾದರೂ ಅಲ್ಲಿ ಇರಬೇಡವೇ? ಇರಲಿಲ್ಲ. ಪಟೇಲ ಹೊಂಬಾಳೇಗೌಡ ಬಹಳ ಯೋಚಿಸಿ, ದ್ಯಾವೀರಮ್ಮನದೂ ಮಂಚಜ್ಜಿಯದೂ ಎರಡೂ ಸಾರನ್ನು ತಂದಿಡಿ, ರುಚಿ ನೋಡಿ ಹೇಳೋಣ ಎಂದನಂತೆ. ದ್ಯಾವೀರಮ್ಮ ಅಂದು ಬೆಳಗ್ಗೆ ಮಾಡಿದ ಸಾರನ್ನು ತಂದಿಟ್ಟಳು. ಸೊಂಟದಲ್ಲಿ ಮಗಳು. ಮಂಚಜ್ಜಿ ತನ್ನ ಮಡಕೆಯನ್ನೂ ಒಂದು ಬುಟ್ಟಿ ಮುದ್ದೆಯನ್ನೂ ತಂದಿಟ್ಟಳು. ಪಟೇಲ ಎರಡನ್ನೂ ಬಾಯಿಗೆ ಸುರಿದು ನೋಡಿದನು. ಉಳಿದವರೂ ನೋಡಿದರು. ಎಲ್ಲರ ಬೆರಳೂ ಮಂಚಜ್ಜಿಯ ಮಡಕೆಯ ಕಡೆಗೇ ಹೋಯಿತು. ಗೌಡ ಮೀಸೆ ತಿರುವಿದನು. ಪಟೇಲ ದ್ಯಾವೀರಮ್ಮನತ್ತ ತಿರುಗಿ, "ನೀನೂ ಒಂದು ತೊಟ್ಟು ನೆಕ್ಕಿ ನೋಡವ್ವ. ಹೋಗೋ ಮುಂಚೆ ಸಾರು ಅಂದ್ರೆ ಹೆಂಗಿರ್ತದೆ ಅಂತ ತಿಳಕೊ" ಎಂದನು.

ಹಿಂದಿನ ದಿನವಿಡೀ ಹೊಟ್ಟೆಗಿಲ್ಲದ ಆ ಹೆಂಗಸು ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡಳು. ಇನ್ನೊಮ್ಮೆ ಬೆರಳದ್ದಿ ನೆಕ್ಕಿದಳು. ಹಿಂದಿನ ದಿನ ದೊಡ್ಡಮನೆಯಲ್ಲಿ ತೆಂಗಿನಕಾಯಿ ಮುಗಿದಿತ್ತು. ಗಂಡನನ್ನು ಕೇಳಿದರೆ ರಂಪವಾಗುತ್ತದೆಂದು ಅವಳು ಹುಚ್ಚೆಳ್ಳು ಹುರಿದು ಅರೆದು ಹಾಕಿದ್ದಳು. ಬಸ್ಸಾರಿಗೆ ಹುಚ್ಚೆಳ್ಳು ಹಾಕುವ ಹೆಂಗಸು ಊರಲ್ಲಿ ಇನ್ನೊಬ್ಬಳಿರಲಿಲ್ಲ. ಅವಳು ಮುದುಕಿಯ ಕಡೆ ನೋಡಿ ಮೆಲ್ಲಗೆ ಕೇಳಿದಳು: "ಅಜ್ಜಿ, ಇದಕ್ಕೆ ಏನು ಅರೆದು ಹಾಕಿದ್ದೀ?" ಮಂಚಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂಗೇನು ಗೊತ್ತವ್ವ! ಹಾಕಿದೋಳು ನೀನು. ನಾನು ಕೆಂಡದ್ ಮ್ಯಾಲೆ ಇಡೋದಷ್ಟೇಯ. ವರ್ಷದಿಂದ ಇವರೆಲ್ಲ ಉಣ್ತಿರೋದು ನಿನ್ನ ಸಾರೇ ಕಣವ್ವ. ಹೇಳಿದ್ರೆ ನನ್ ಮಡಕೆ ನಿಂತೋಯ್ತದೆ ಅಂತ ಬಾಯ್ ಮುಚ್ಕೊಂಡಿದ್ದೆ. ನಿನ್ ಹೊಟ್ಟೆ ಉರಿಸ್ಬುಟ್ಟೆ" ಎಂದು ಎದೆ ಬಡಿದುಕೊಂಡಳು.

ಪಟೇಲನ ಬಾಯಿಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ತಂಗಳ ಮುಖ ನೋಡದ ಮನೆಯ ಗೌಡ ವರ್ಷವಿಡೀ ತಂಗಳುಂಡಿದ್ದಾನೆ, ಊರಿನ ಹಿರಿಯರೆಲ್ಲ ಜೊತೆಗೆ ಕೂತು ಉಂಡಿದ್ದಾರೆ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನಾಚಿಕೆಯಿರುವ ಗಂಡಸಾಗಿದ್ದರೆ ಕೆರೆಗೆ ಹಾರುತ್ತಿದ್ದನು. ಕಾಡೇಗೌಡ ಮಾತ್ರ ಗಂಟಲು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಎದ್ದು, "ಹಂಗಾದ್ರೆ ಸಾರು ನಮ್ಮನೇದೇ ಅಂತಾಯ್ತು. ನ್ಯಾಯ ಮುಗೀತು. ನಡಿಯಮ್ಮಿ, ಮನೆಗೋಗಿ ಬಿಸಿ ಮುದ್ದೆಗಿಡು, ಹಸಿವಾಗ್ತದೆ" ಎಂದನು. ಕೇಳಿದಿರಾ? ಹಸಿವಾಗುತ್ತಿದೆಯಂತೆ, ಅವನಿಗೆ!

ದ್ಯಾವೀರಮ್ಮ ಹೆಜ್ಜೆ ಕದಲಿಸಲಿಲ್ಲ. ಮಗಳನ್ನು ಇಳಿಸಿ ಪಕ್ಕಕ್ಕೆ ಕೂರಿಸಿದಳು. ಹಿರಿಯರ ನಡುವೆ, ಬಂಡೆಯ ಮೇಲೆ, ಚಕ್ಕಳಮಕ್ಕಳ ಹಾಕಿ ಕುಳಿತಳು. ಮಂಚಜ್ಜಿಯ ಬುಟ್ಟಿಯಿಂದ ಒಂದು ಮುದ್ದೆ ತೆಗೆದು, ತಟ್ಟೆಗೆ ಸಾರು ಬಗ್ಗಿಸಿಕೊಂಡು, ತಾನೇ ಮುರಿದಳು. "ಏಯ್, ನಾನಿನ್ನೂ ಉಂಡಿಲ್ಲ!" ಎಂದು ಗೌಡ ಕೂಗಿದನು. ಪಟೇಲನೂ "ಏನವ್ವಾ ಇದು" ಎಂದು ಎದ್ದನು. ಅವಳು ತಲೆಯೆತ್ತಲಿಲ್ಲ. ಮೊದಲ ತುತ್ತು ನುಂಗಿದಳು, ಎರಡನೆಯದು ನುಂಗಿದಳು. ಅವಸರವಿಲ್ಲ, ಅಳುವಿಲ್ಲ. ಇಡೀ ಊರು ನಿಂತು ನೋಡುತ್ತಿರಲು ಕೊನೆಯ ಚೂರಿನವರೆಗೆ ಉಂಡು, ತಟ್ಟೆ ಬಳಿದು, ಬೆರಳು ನೆಕ್ಕಿದಳು. ಆಮೇಲೆ ಗಂಡನ ಮುಖ ನೋಡಿ, "ಹಸಿದೋರು ಎಲ್ಲಾದರೂ ಉಣ್ಣಲಿ. ನಾನು ಉಂಡಾಯ್ತು" ಎಂದಳು.

ಮುಂದೇನಾಯಿತೆಂದು ಎಲ್ಲರೂ ಕೇಳುತ್ತಾರೆ. ಅವಳು ಮತ್ತೆ ದೊಡ್ಡಮನೆಯ ಒಲೆ ಹಚ್ಚಲಿಲ್ಲ, ಮಗಳೊಡನೆ ಮಂಚಜ್ಜಿಯ ಗುಡಿಸಲಿನಲ್ಲೇ ಉಳಿದಳು ಎನ್ನುತ್ತಾರೆ. ಮಗಳನ್ನು ಕೇಳಲು ಕಾಡೇಗೌಡ ಬರಲಿಲ್ಲವೇ ಎಂದರೆ, ಬಂದನಂತೆ. ದ್ಯಾವೀರಮ್ಮ ಉಣ್ಣುತ್ತಿದ್ದಳು, ಇವನು ಏರಿಯ ಮೇಲೆ ನಿಂತು ಕಾದನಂತೆ. ಎಷ್ಟು ಹೊತ್ತು ಕಾದನೋ, ಕಾಯಲಿ. ಅವಳು ತೀರಿಹೋದ ಮೇಲೆ ಅವರೆಕುಂಟೆಯ ಹೆಂಗಸರು ಅವಳಿಗೆ ಉಂಡಮ್ಮನೆಂದು ಹೆಸರಿಟ್ಟು, ಬಂಡೆಯ ತುದಿಗೆ ಒಂದು ಕಲ್ಲು ನೆಟ್ಟರು.

ಆ ಕಲ್ಲನ್ನು ನೀವು ಈಗಲೂ ನೋಡಬಹುದು. ಕೂತ ಹೆಂಗಸು, ಎಡಗೈಯಲ್ಲಿ ತಟ್ಟೆ, ಬಲಗೈ ಬಾಯಿಯ ಹತ್ತಿರ. ವರ ಕೊಡುವ ಕೈಯಲ್ಲ, ತುತ್ತು ಎತ್ತಿದ ಕೈ. ಅರಿಸಿನ ಕುಂಕುಮ ಬಳಿದು ಬಳಿದು ಮುಖ ಸವೆದಿದೆ, ಕೈ ಮಾತ್ರ ಚೆನ್ನಾಗಿ ಉಳಿದಿದೆ. ಹೋದ ಶುಕ್ರವಾರ ಅಲ್ಲಿ ಹಸಿರು ಸೀರೆಯ ಹೆಣ್ಣುಮಗಳೊಬ್ಬಳು ಬಿಸಿಲಿನಲ್ಲಿ ಕೈಮುಗಿದು ನಿಂತಿದ್ದಳು. ಬೆಳಗ್ಗೆ ದೂರದೂರಿನಿಂದ ಬಂದವರಂತೆ. ತುಟಿ ಒಣಗಿತ್ತು, ಕಣ್ಣು ಗುಳಿಬಿದ್ದಿತ್ತು. ಹರಕೆಯ ಉಪವಾಸವಿರಬೇಕೆಂದು ನನಗೆ ರೇಗಿಹೋಯಿತು. "ಏನು ತಾಯಿ, ಉಂಡಮ್ಮನ ಮುಂದೆ ಬಂದು ಉಪವಾಸವೇ? ಕತೆ ಗೊತ್ತಿಲ್ಲವೇ ನಿನಗೆ?" ಎಂದು ಗದರಿದೆ. ಕತೆ ಗೊತ್ತು, ಹರಕೆಯೇನೂ ಇಲ್ಲ ಎಂದಳು. ಮತ್ತೆ ಊಟ ಯಾಕೆ ಮಾಡಿಲ್ಲವೆಂದು ಕೇಳಿದೆ. ಅವಳು ಎರಡನೇ ಮೆಸ್ಸಿನ ಕಡೆ ನೋಡಿದಳು. ಒಳಗೆ ಅವಳ ಗಂಡ ಸ್ನೇಹಿತರೊಡನೆ ಕೂತು ಮೂರನೇ ಮುದ್ದೆ ಹಾಕಿಸಿಕೊಳ್ಳುತ್ತಿದ್ದನು.

"ಅವರದು ಇನ್ನೂ ಮುಗಿದಿಲ್ಲ, ಮೇಷ್ಟ್ರೇ" ಎಂದಳು.