ಖಾಲಿ ಜಾಗದ ಸಾಲು

ಶಿಬಿರದ ದಿನ ಹುಡುಗನೊಬ್ಬ ಕೆರೆಯಲ್ಲಿ ಮುಳುಗಿ ಸತ್ತ ಮೇಲೆ ಹಿರೇಬಾವಿ ಶಾಲೆಯ ಸ್ಕೌಟ್ ದಳ ಒಡೆದುಹೋಯಿತು. ಹೆದರಿದ ತಾಯ್ತಂದೆಯರು ಮಕ್ಕಳನ್ನು ಬಿಡಿಸಿಕೊಂಡರು. ನಾಲ್ಕೇ ಹುಡುಗರು ಉಳಿದರು.

ಆಗ ಸತ್ತವನ ತಂಗಿ ದ್ಯಾಮವ್ವ ಗೆಳತಿಯರನ್ನು ಕಟ್ಟಿಕೊಂಡು ದಳ ನಡೆಸುತ್ತಿದ್ದ ಫಕೀರಪ್ಪ ಮಾಸ್ತರರ ಬಳಿ ಬಂದಳು.

"ಅವತ್ತು ದಂಡಿ ಮ್ಯಾಲೆ ಹಗ್ಗ ಇತ್ತು ಸರ. ಎಸೆಯಾಕ ಯಾರಿಗೂ ಬರಲಿಲ್ಲ. ನಮಗಾದ್ರೂ ಕಲಿಸ್ರಿ."

ಮಾಸ್ತರರು ತಲೆ ತಗ್ಗಿಸಿದರು. ಮರುದಿನವೇ ಅವರನ್ನು ದಳಕ್ಕೆ ಸೇರಿಸಿಕೊಂಡರು.

ಶಾಲಾ ಸಮಿತಿಯ ಅಧ್ಯಕ್ಷ ಸಂಗನಗೌಡರು ಕೆಂಡವಾದರು. "ಗಣರಾಜ್ಯೋತ್ಸವದ ದಿನ ಮೈದಾನದ ತುಂಬ ಸಾಲು ನಿಂತು ನನಗ ಸಲಾಮು ಹೊಡೀಬೇಕು. ಆದ್ರ ಒಂದು ಹುಡುಗಿನೂ ಕಣ್ಣಿಗೆ ಬೀಳಬಾರದು!"

"ಆಗಲ್ರಿ ಗೌಡ್ರ," ಅಂದರು ಮಾಸ್ತರರು.

ಆ ದಿನ ಮೈದಾನದ ಈ ತುದಿಯಿಂದ ಆ ತುದಿಗೆ ನಾಲ್ಕು ಹುಡುಗರು ದೂರದೂರ ನಿಂತಿದ್ದರು. ಊರಿನ ಜನ ಕಿಸಕ್ಕನೆ ನಕ್ಕರು.

"ಏನ್ರೀ ಮಾಸ್ತರ, ನಡುವ ಇಷ್ಟು ಜಾಗ ಯಾಕ?" ಗೌಡರು ಗುಡುಗಿದರು.

"ಅಲ್ಲಿ ಹುಡುಗ್ಯಾರು ನಿಂತಾರ್ರಿ. ಮೈದಾನದ ತುಂಬ ಸಾಲು ಬೇಕು ಅಂದ್ರಿ, ಐತಿ. ಹುಡುಗ್ಯಾರು ಕಣ್ಣಿಗೆ ಬೀಳಬಾರದು ಅಂದ್ರಿ, ಬಿದ್ದಿಲ್ಲ."

ಗೌಡರ ಮುಖ ಕಪ್ಪಿಟ್ಟಿತು. ಜನ ಈಗ ನಗುತ್ತಿದ್ದದ್ದು ಯಾರನ್ನು ನೋಡಿ ಎಂಬುದು ಅವರಿಗೆ ತಿಳಿಯಿತು.

"ಕರೀರಿ ಅವರನ್ನ," ಅಂದರು ಮೆಲ್ಲಗೆ.

ಗೋಡೆಯ ಹಿಂದೆ ಕಾದಿದ್ದ ಹುಡುಗಿಯರು ಬಂದು ಜಾಗ ತುಂಬಿದರು. ಗೌಡರು ಸಾಲಿನುದ್ದಕ್ಕೂ ನಡೆದು ದ್ಯಾಮವ್ವನ ಮುಂದೆ ನಿಂತರು. ಅವಳ ಅಂಗಿಯ ತೋಳು ಮೊಣಕೈ ದಾಟಿ ಇಳಿದಿತ್ತು.

"ಅಂಗಿ ಭಾಳ ದೊಡ್ಡದಾತಲ್ಲವ್ವ?"

"ನಮ್ಮಣ್ಣಂದ್ರಿ."

ಅವಳಿಗಿಂತ ಮೊದಲು ಗೌಡರೇ ಕೈಯೆತ್ತಿ ಸಲಾಮು ಹೊಡೆದರು. ಮೈದಾನದಲ್ಲಿ ಯಾರೂ ನಗಲಿಲ್ಲ.