ಸಾಹೇಬರ ಇನ್ನೊಂದು ಕಾಲು

ಮರಳಿನಲ್ಲಿ ಕಪ್ಪು ಜಿಗುಟು ಎಣ್ಣೆ ಸಿಗುವ ನಾಡೊಂದಿದೆ. ಅಲ್ಲೊಂದು ಯಂತ್ರ ಕಾಡು ಅಗೆದು, ಮರಳನ್ನು ಬಿಸಿನೀರಿನಲ್ಲಿ ತೊಳೆದು, ಎಣ್ಣೆಯನ್ನು ತಾನಿಟ್ಟುಕೊಂಡು ಕೊಳೆನೀರನ್ನು ಹೊಂಡಕ್ಕೆ ಬಿಡುತ್ತಿತ್ತು. ಹೊಂಡದ ತಪಾಸಣೆಗೆ ಒಂದು ಕೊಕ್ಕರೆಯನ್ನು ನೇಮಿಸಿದ್ದರು. ಇದು ನಾನು ಕಣ್ಣಾರೆ ಕಂಡದ್ದು. ಕಾಣದಿದ್ದರೂ ಹೀಗೇ ಹೇಳುತ್ತಿದ್ದೆ.

ಒಂದು ಸಂಜೆ, ದೂರದಿಂದ ಹಾರಿ ದಣಿದ ಬಾತುಕೋಳಿಯೊಂದು ಮರಿಗಳೊಂದಿಗೆ ಹೊಂಡದ ದಡಕ್ಕಿಳಿಯಿತು.

"ಧಾರಾಳವಾಗಿ ಈಜಿ ತಾಯಿ," ಎಂದಿತು ಯಂತ್ರ. "ತಪಾಸಣೆಯ ಸಾಹೇಬರೇ ನೀರಿಗಿಳಿದು ಪರೀಕ್ಷಿಸಿದ್ದಾರೆ."

ದಡದಲ್ಲಿ ಒಂಟಿಕಾಲಲ್ಲಿ ನಿಂತಿದ್ದ ಕೊಕ್ಕರೆ ಗತ್ತಿನಿಂದ ಹೇಳಿತು: "ನೋಡಮ್ಮ ನನ್ನ ಕಾಲು. ಒಂದು ಕಲೆಯಾದರೂ ಇದೆಯೇ?"

ಕಾಲು ಫಳಫಳ ಹೊಳೆಯುತ್ತಿತ್ತು. ಮರಿಗಳು ನೀರಿನತ್ತ ಓಡಿದವು. ತಾಯಿ ರೆಕ್ಕೆ ಅಡ್ಡ ಹಿಡಿಯಿತು. "ಇನ್ನೊಂದು ಕಾಲು, ಸ್ವಾಮಿ?"

"ಅದು ಪರಿಶೀಲನೆಯಲ್ಲಿದೆ," ಎಂದು ಕೊಕ್ಕರೆ ಆ ಕಾಲನ್ನು ಪುಕ್ಕದೊಳಗೆ ಇನ್ನಷ್ಟು ಎಳೆದುಕೊಂಡಿತು.

"ಆಗಲಿ. ಇಷ್ಟು ಒಳ್ಳೆಯ ನೀರೆಂದ ಮೇಲೆ ಮೀನೂ ಇರಬೇಕಲ್ಲ? ಅಗೋ, ನಿಮ್ಮ ಬೆನ್ನ ಹಿಂದೆಯೇ ದಪ್ಪದೊಂದು ನೆಗೆಯಿತು!"

ಆ ಹೊಂಡದಲ್ಲಿ ಮೀನು ಬದುಕದೆಂದು ಕೊಕ್ಕರೆಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ "ನೀರು ಚೆನ್ನಾಗಿದೆ" ಎಂದು ಹೇಳಿ ಹೇಳಿ ತನಗೇ ಆ ಮಾತಿನಲ್ಲಿ ನಂಬಿಕೆ ಬಂದುಬಿಟ್ಟಿತ್ತು. ಎರಡೂ ಕಾಲೂರಿ ಗಿರ್ರನೆ ತಿರುಗಿತು. ಅಡಗಿಸಿಟ್ಟಿದ್ದ ಕಾಲಿಗೆ ಮಂಡಿಯವರೆಗೂ ಡಾಂಬರು!

ಮರಿಗಳು ಬಿದ್ದು ಬಿದ್ದು ನಕ್ಕವು.

"ಪರಿಶೀಲನೆ ಮುಗಿಯಿತು, ಸ್ವಾಮಿ," ಎಂದು ಬಾತುಕೋಳಿ ಮರಿಗಳನ್ನು ಎಬ್ಬಿಸಿಕೊಂಡು ಹೊಳೆಯ ಕಡೆಗೆ ಹಾರಿತು.

ಕೊಕ್ಕರೆ ಮಾತ್ರ ಹೊಂಡದತ್ತ ಕತ್ತು ಚಾಚಿ ಇನ್ನೂ ಮೀನು ಹುಡುಕುತ್ತಲೇ ಇತ್ತು.